ಓಡಬೇಡವೆಂದು ಓಟ ಕಲಿಸಿದ ವಸ್ತಾದರು

ಅವರ ಎಡಗಿವಿ ಒಣದ್ರಾಕ್ಷಿಯ ಹಾಗಿತ್ತು. ನಮ್ಮ ಕಾಗವಾಡದ ಕಡೆ ಶೆಡ್ಡಿನಲ್ಲಿ ಬಲೆಯ ಮೇಲೆ ಹರವಿದ ದ್ರಾಕ್ಷಿ ಹದಿನೈದನೆಯ ದಿನಕ್ಕೆ ತನ್ನೊಳಗೆ ತಾನೇ ಮಡಚಿಕೊಳ್ಳುತ್ತದಲ್ಲ, ಹಾಗೆ ಮುದುಡಿ, ಗಟ್ಟಿಯಾಗಿ, ತಲೆಗೆ ಅಂಟಿಕೊಂಡಿತ್ತು. ಕುಸ್ತಿಯಲ್ಲಿ ಎದುರಾಳಿಗಳ ಭುಜಕ್ಕೆ, ಮೊಣಕೈಗೆ ವರ್ಷಗಟ್ಟಲೆ ತಿಕ್ಕಿ ಆದದ್ದು. ಆ ಕಿವಿಗೆ ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಮಾತಾಡುವವರು ಅವರ ಬಲಕ್ಕೆ ನಿಲ್ಲಬೇಕು. ಬೇಡದ ಮಾತು ಬಂದಾಗ ಅವರು ಮೆಲ್ಲಗೆ ಮುಖ ತಿರುಗಿಸಿ ಎಡಗಿವಿ ಕೊಡುತ್ತಿದ್ದರು.

ಅವರು ನಮ್ಮ ಹಿತ್ತಲಿನಾಚೆಯ ತಾಲೀಮಿನ ವಸ್ತಾದರು. ಬೇರೆ ಕಡೆ ಗರಡಿಮನೆ ಎನ್ನುವುದನ್ನು ಇಲ್ಲಿ ತಾಲೀಮು ಎನ್ನುತ್ತಾರೆ. ಅದರ ಗುರು ವಸ್ತಾದ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ಆ ಗೋಡೆಯಾಚೆಯಿಂದ ಮೈಗಳು ಮಣ್ಣಿಗೆ ಬೀಳುವ ಸದ್ದು ಕೇಳುತ್ತಾ ಬಂದಿದ್ದೆ. ಒಳಗೆ ಹೇಗಿದೆಯೋ ನೋಡಿರಲಿಲ್ಲ. ಹನುಮಂತನ ಫೋಟೋ ಇರುವ ಜಾಗ, ಹೆಂಗಸರು ಹೊಸ್ತಿಲು ದಾಟುವಂತಿಲ್ಲ. ಅವರೊಂದಿಗೆ ನನಗೆ ಹೆಚ್ಚು ಮಾತೂ ಇರಲಿಲ್ಲ. ದೀಪಾವಳಿಗೆ ಚಕ್ಕುಲಿ, ಉಂಡೆಗಳ ಫರಾಳದ ತಟ್ಟೆ ಆ ಮನೆಗೆ ಹೋಗುತ್ತಿತ್ತು, ಮರುದಿನ ಬೇರೆ ಫರಾಳ ತುಂಬಿಕೊಂಡು ಬರುತ್ತಿತ್ತು, ಅಷ್ಟೇ.

ಅರವತ್ತಮೂರನೆಯ ವಯಸ್ಸಿನಲ್ಲಿ ನಾನು ತೋಟದಲ್ಲಿ ಡ್ರಿಪ್ ಪೈಪಿಗೆ ಕಾಲು ಸಿಕ್ಕಿ ಬಿದ್ದೆ. ಮಣಿಕಟ್ಟು ಮುರಿಯಿತು. ಬಿದ್ದದ್ದಕ್ಕಿಂತ ಒಂದು ತಾಸು ಯಾರಿಗೂ ಗೊತ್ತಾಗದೆ ಅಲ್ಲೇ ಕೂತಿದ್ದೆನಲ್ಲ, ಮಗನಿಗೆ ಭಯವಾದದ್ದು ಅದಕ್ಕೆ. ತೋಟದ ಮನೆಯ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ಗಂಡ ತೀರಿಕೊಂಡ ಮೇಲೆ ದಿನಾ ಒಬ್ಬಳೇ ಅಲ್ಲಿಗೆ ಹೋಗಿ, ಬಳ್ಳಿಗಳ ನಡುವೆ ಎರಡು ತಾಸು ಓಡಾಡಿ, ಆ ಮನೆಯಲ್ಲಿ ನನ್ನ ಚಹಾ ನಾನೇ ಮಾಡಿಕೊಂಡು ಕುಡಿದು ಬರುವುದೇ ನನಗೊಂದು ಬದುಕಾಗಿತ್ತು. ಹೇಳಿದರೆ ಯಾರಿಗೆ ಅರ್ಥವಾಗುತ್ತದೆ?

ಪ್ಲಾಸ್ಟರ್ ಇನ್ನೂ ಕೈಯಲ್ಲಿದ್ದಾಗ ಒಂದು ಬೆಳಿಗ್ಗೆ ಪೇಪರಿನೊಳಗಿಂದ ಒಂದು ಪಾಂಪ್ಲೆಟ್ ಬಿತ್ತು. ಗಡಿಯಾಚೆ, ಮಿರಜ ಕಡೆಯ ರಸ್ತೆಯಲ್ಲಿ ಜನವರಿಗೆ ಇಪ್ಪತ್ತೊಂದು ಕಿಲೋಮೀಟರಿನ ಓಟ. ಶುರುವಾದ ಮೂರೂವರೆ ತಾಸಿಗೆ ಮುಗಿಯುವ ಕಡೆಯ ಗೇಟು ಮುಚ್ಚುತ್ತದೆ. ನಾನು ಕೀಲಿಯ ಮಾತು ತೆಗೆದಿದ್ದೆ, ಮಗ ಬೇಸರದಿಂದ ಆ ಪಾಂಪ್ಲೆಟನ್ನೆತ್ತಿ ನನ್ನ ಮುಂದಿಟ್ಟ.

"ಮಮ್ಮಿ, ಇದನ್ನ ಗೇಟ್ ಮುಚ್ಚೂದರೊಳಗ ಓಡಿ ಮುಗಸ್ರಿ. ಕೀಲಿ ನಿಮ್ಮದು. ಆಗಲಿಲ್ಲಂದ್ರ ಆ ಮಾತ ಮತ್ತ ತಗೀಬಾರ್ದು."

"ಪ್ರಾಮಿಸ್?" ಎಂದೆ.

ನಗುತ್ತಲೇ ಪ್ರಾಮಿಸ್ ಎಂದ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಹಲವು ವಿಷಯ ಕಲಿಸಿದರು, ಅರ್ಧ ಮರೆತಿದ್ದೇನೆ. ಎ ಪ್ರಾಮಿಸ್ ಈಸ್ ನಾಟ್ ಎ ಜೋಕ್ ಎಂಬುದನ್ನು ಮಾತ್ರ ಮರೆತಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನದಿಂದ ಓಡತೊಡಗಿದೆ. ಕಾಲುವೆ ರಸ್ತೆಯ ಮೇಲೆ ದಿನಾ ಬೆಳಿಗ್ಗೆ, ಒಂದು ದಿನವೂ ಬಿಡದೆ. ಡಿಸಿಪ್ಲಿನ್ ಅಂದರೆ ಅದೇ ಎಂದುಕೊಂಡಿದ್ದೆ. ಮೂರನೆಯ ವಾರಕ್ಕೆ ಎರಡೂ ಮೊಣಕಾಲು ಬಾತು, ಮನೆಯ ಗೇಟು ಹಿಡಿದು ಕುಂಟುತ್ತಾ ಒಳಗೆ ಬರುತ್ತಿದ್ದೆ. ವಸ್ತಾದರು ತಾಲೀಮಿನ ಹೊರಗಿನ ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದರು. ಎದ್ದು ಬಂದು ಕಂಪೌಂಡಿನ ಆಚೆ ನಿಂತರು. ನೆರೆಯ ಹೆಂಗಸರನ್ನು ಇಲ್ಲಿ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾರೆ.

"ವೈನಿ, ಸಿಟ್ಟಾಗಬ್ಯಾಡ್ರಿ. ದಿನಾ ಅದ ರಸ್ತಾ, ದಿನಾ ಅದ ಕಾಲು. ಆ ಕಾಲೇನ ತಪ್ಪ ಮಾಡೇತ್ರಿ?"

ನಾನು ಎಲ್ಲ ಹೇಳಿದೆ. ಬಿದ್ದದ್ದು, ಕೀಲಿ, ಪ್ರಾಮಿಸ್. ಬಲಗಿವಿ ಕೊಟ್ಟು ಕೇಳಿದರು.

"ಓಟ ನನಗ ಗೊತ್ತಿಲ್ರಿ. ದಣಿವು ಗೊತ್ತೈತಿ. ಮನ್ಯಾಗ ಒಬ್ಬಾಂವನ ದುಡದ್ರ ಮನಿ ನಿಲ್ಲಂಗಿಲ್ಲ. ಮೈನೂ ಹಂಗ. ಕಾಲು ದಣಿದಾಗ ಕೈ ಎದ್ದು ಬರಬೇಕು, ಕೈ ದಣಿದಾಗ ಬೆನ್ನ ಬರಬೇಕು, ಬೆನ್ನ ದಣಿದಾಗ ಉಸರ ಬರಬೇಕು. ನೀವು ಕಾಲಿಗಷ್ಟ ಹಚ್ಚೀರಿ."

ವಾರಕ್ಕೆ ಮೂರೇ ದಿನ ಓಟ ಎಂದರು. ಸೋಮವಾರ, ಗುರುವಾರ, ಶನಿವಾರ. ಉಳಿದ ದಿನ ಓಡಿದರೆ ತಮಗೂ ನನಗೂ ಸಂಬಂಧವಿಲ್ಲ. ಮಂಗಳವಾರ ಅಖಾಡದ ಮಣ್ಣು ಅಗೆಯುವುದು. ಆದರೆ ಅಖಾಡ ತಾಲೀಮಿನ ಒಳಗೆ, ನಾನು ಹೊರಗೆ. ಮರುದಿನ ನೋಡಿದರೆ ಎಣ್ಣೆ, ಅರಿಶಿನ, ಮಜ್ಜಿಗೆ ಕಲಸಿದ ಆ ಕೆಂಪು ಮಣ್ಣನ್ನು ಬುಟ್ಟಿ ಬುಟ್ಟಿ ಹೊತ್ತು ತಂದು ಬೇವಿನ ಮರದ ಕೆಳಗೆ ಹಾಕಿದ್ದರು, ಒಂದು ಮಂಚದಷ್ಟು ಅಗಲ. ಸಣ್ಣ ಗುದ್ದಲಿಯೊಂದು ಅದರ ಮೇಲಿತ್ತು. ಊರಿನವರು ಸುಮ್ಮನಿರಲಿಲ್ಲ. "ವಸ್ತಾದ ಈಗ ಅಜ್ಜಿ ತಯಾರ ಮಾಡಾಕತ್ತಾನ, ಯಾರ ಮ್ಯಾಲೆ ಕುಸ್ತಿಗಿ ಬಿಡತಾನೋ" ಎಂದು ಕಟ್ಟೆಯ ಮೇಲೆ ನಕ್ಕರು. ವಸ್ತಾದರು ಎಡಗಿವಿ ಕೊಟ್ಟರು.

ಶುಕ್ರವಾರ ಸೈಕಲ್. ಭಾನುವಾರ ನಿದ್ದೆ. ಬುಧವಾರ ಬಾವಿ.

ಬಾವಿ ಅವರ ಎರಡೆಕರೆ ಕಬ್ಬಿನ ನಡುವೆ ಇತ್ತು. ಕಲ್ಲಿನ ಮೆಟ್ಟಿಲು, ಪಾಚಿ, ಕೆಳಗೆ ಕಪ್ಪು ನೀರು. ನನಗೆ ಈಜು ಬಾರದು. ಬೆನ್ನಿಗೆ ಎರಡು ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ನೀರಿನಲ್ಲಿ ನೆಟ್ಟಗೆ ನಿಂತು ಓಡಬೇಕಂತೆ, ಪಾದ ತಳಕ್ಕೆ ತಾಗಬಾರದಂತೆ. ವಸ್ತಾದರು ದೂರ, ಕಬ್ಬಿನ ಮರೆಯಲ್ಲಿ, ಬೆನ್ನು ಮಾಡಿ ನಿಂತು ಕೂಗಿ ಹೇಳುವುದು. ಮೆಟ್ಟಿಲ ಮೇಲೆ ಹಗ್ಗ ಹಿಡಿಯುವುದು ಅವರ ಹೆಂಡತಿ. ಮೊದಲ ದಿನ ಕೊನೆಯ ಮೆಟ್ಟಿಲ ಮೇಲೆ ಗೋಡೆಗೆ ಅಂಟಿ ನಿಂತುಬಿಟ್ಟೆ. ಮುರಿದು ಕೂಡಿದ ಕೈ ಕಲ್ಲನ್ನು ಬಿಡಲೊಲ್ಲದು. ನೀರಿನ ತಣ್ಣಗಿನ ವಾಸನೆ ಮೂಗಿನೊಳಗೆ.

"ಹಗ್ಗ ನನ್ನ ಕೈಯಾಗ ಐತ್ರಿ ವೈನಿ," ಎಂದರು ಆಕೆ ಮೇಲಿನಿಂದ. "ನಲವತ್ತ ವರ್ಷ ಇಂಥಾ ಪೈಲ್ವಾನನ ಹಿಡದೇನಿ. ನೀವೆಷ್ಟರ ತೂಕ?"

ಕೈ ಬಿಟ್ಟೆ. ಮುಳುಗಿ ಎದ್ದೆ. ಕಾಲ ಕೆಳಗೆ ಏನೂ ಇಲ್ಲದಿರುವುದು ಹೇಗಿರುತ್ತದೆಂದು ಅವತ್ತು ಗೊತ್ತಾಯಿತು. ಕಾಲು ಏನು ಮಾಡಿದರೂ ಮೈ ಮುಂದಕ್ಕೆ ಹೋಗದು. ಕಬ್ಬಿನ ಆಚೆಯಿಂದ ದನಿ ಬಂತು: "ಕೈಗೆ ಹೇಳ್ರಿ ವೈನಿ, ಕೈಗೆ ಹೇಳ್ರಿ." ಕೈ ಬೀಸಿದೆ. ಮೈ ಚಲಿಸಿತು.

ಡಿಸೆಂಬರಿಗೆ ನಾನು ಹನ್ನೆರಡು ಕಿಲೋಮೀಟರು ಓಡುತ್ತಿದ್ದೆ, ಮೊಣಕಾಲಿನ ನೆನಪೇ ಇಲ್ಲದೆ. ಅಲ್ಲಿಗೆ ತೃಪ್ತಿಪಡಬೇಕಿತ್ತು. ಆದರೆ ನನಗೆ ಓದುವ ಚಟ. ಫೋನಿನಲ್ಲಿ ಇಂಗ್ಲಿಷಿನಲ್ಲಿ ಯಾರೋ ಬರೆದಿದ್ದರು, ರೇಸಿಗೆ ಮುಂಚೆ ಒಮ್ಮೆಯಾದರೂ ಹದಿನೆಂಟು ಓಡಿರಲೇಬೇಕು ಎಂದು. ವಸ್ತಾದರನ್ನು ಕೇಳಿದರೆ ಬೇಡ ಎನ್ನುತ್ತಾರೆ. ಓಟ ಗೊತ್ತಿಲ್ಲ ಎಂದವರು ಅವರೇ ತಾನೇ? ರೇಸಿಗೆ ಹನ್ನೆರಡು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ, ಯಾರಿಗೂ ಹೇಳದೆ ಡಾಂಬರು ರಸ್ತೆಯಲ್ಲಿ ಹದಿನೆಂಟು ಓಡಿಬಂದೆ. ಮಧ್ಯಾಹ್ನಕ್ಕೆ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಮುಂಗಾಲೆಲುಬು ಬೆಂಕಿಯಾಯಿತು.

ಮಂಗಳವಾರ ನಾನು ಗುದ್ದಲಿ ಎತ್ತುವ ರೀತಿಯಲ್ಲೇ ಅವರಿಗೆ ಗೊತ್ತಾಯಿತು.

"ಎಷ್ಟ ಓಡಿದ್ರಿ?"

ಹೇಳಿದೆ.

ಗುದ್ದಲಿ ಕೆಳಗಿಡಿ ಎಂದು ಕೈಸನ್ನೆ ಮಾಡಿದರು. ಬೈದಿದ್ದರೆ ವಾಸಿಯಿತ್ತು. ಆಮೇಲೆ ಹೆಂಡತಿಯನ್ನು ಕರೆದರು. ಅವರ ಮನೆಯ ಒಳಕೋಣೆಯಲ್ಲಿ ಆಕೆ ನನ್ನ ಕಾಲಿಗೆ ಎಣ್ಣೆ ಹಚ್ಚಿದರು; ಇವರು ಬಾಗಿಲ ಆಚೆ ನಿಂತು, ಒಳಗೆ ನೋಡದೆ, ಎಲ್ಲಿ ಒತ್ತಬೇಕು, ಎಲ್ಲಿ ಬೆರಳು ತಾಗಿಸಲೂಬಾರದು ಎಂದು ಹೇಳುತ್ತಾ ಹೋದರು. ಹಾಗೆ ಹೇಳುತ್ತಲೇ ತಮ್ಮದೊಂದು ಕಥೆಯನ್ನೂ ಹೇಳಿದರು. ಹರೆಯದಲ್ಲಿ ಒಂದು ದೊಡ್ಡ ಕುಸ್ತಿಗೆ ಎಂಟು ದಿನ ಮುಂಚೆ ಮೊಣಕಾಲು ಹಿಡಿದಿತ್ತಂತೆ. ಅವರ ವಸ್ತಾದ ಮಲಗು ಎಂದಿದ್ದರಂತೆ. ಇವರು ಕದ್ದು ಬೈಠಕ್ ಹೊಡೆದರಂತೆ.

"ಆ ಕುಸ್ತಿ ಎಷ್ಟ ಹೊತ್ತ ನಡೀತು?" ಕೇಳಿದೆ ಒಳಗಿನಿಂದ.

"ಅದ ಕಡೀ ಕುಸ್ತಿರಿ," ಎಂದರು. ಕೆಮ್ಮಿದರು. ಆ ಕೆಮ್ಮು ದಸರೆಯಿಂದಲೂ ಇತ್ತು.

"ಇನ್ನ ರೇಸಿನ ತನಕ ಓಟಿಲ್ಲ. ಬಾವಿ, ಸೈಕಲ್ ಅಷ್ಟ. ಒಂದ ಹೆಜ್ಜಿ ಓಡಬಾರ್ದು."

ಹತ್ತು ದಿನ ನಾನು ನೆಲದ ಮೇಲೆ ಓಡಲಿಲ್ಲ. ದಿನಾ ಬಾವಿಗಿಳಿದು, ತಳ ಸಿಗದ ನೀರಿನಲ್ಲಿ ತಾಸುಗಟ್ಟಲೆ ಓಡಿದೆ. ಕಾಲು ಕೆಟ್ಟುಹೋಗುತ್ತದೋ, ಓಟವೇ ಮರೆತುಹೋಗುತ್ತದೋ, ಎರಡರಲ್ಲಿ ಯಾವುದಕ್ಕೆ ಹೆದರಬೇಕೆಂದೇ ತಿಳಿಯಲಿಲ್ಲ. ಹೊರಡುವ ಹಿಂದಿನ ದಿನ ಕೇಳಿದೆ: "ವಸ್ತಾದರ, ಸೋತ್ರ?"

"ಕುಸ್ತ್ಯಾಗ ಬೆನ್ನ ಮಣ್ಣಿಗೆ ಹತ್ತೂತನ ಸೋಲಿಲ್ರಿ. ಹದಿನಾರನೇ ಕಿಲೋಮೀಟರಿನ್ಯಾಗ ನಿಂತಿರತೀನಿ."

ಓಟದ ದಿನ ಮಗ ಕಾರಿನಲ್ಲಿ ಬಿಟ್ಟ. ಇಳಿಯುವಾಗ, "ಮಮ್ಮಿ, ನಾ ಚ್ಯಾಷ್ಟಿಗಿ ಅಂದಿದ್ದೆ. ಈಗರ ಬಿಡ್ರಿ," ಎಂದ. ಅವನ ಮುಖ ಬಿಳಚಿಕೊಂಡಿತ್ತು. ನಾನು ಕಾರಿನ ಬಾಗಿಲು ಹಾಕಿದೆ.

ಹತ್ತು ಕಿಲೋಮೀಟರು ಚೆನ್ನಾಗಿ ಹೋಯಿತು. ಹನ್ನೊಂದಕ್ಕೆ ಮುಂಗಾಲೆಲುಬು ಮಾತಾಡತೊಡಗಿತು. ಹದಿಮೂರಕ್ಕೆ ಕೂಗಿತು. ಕಬ್ಬಿನ ಟ್ರ್ಯಾಕ್ಟರುಗಳ ಧೂಳು, ಏರುವ ಬಿಸಿಲು. ಓಡು, ನಡೆ, ಓಡು, ನಡೆ. ನನ್ನ ಹಿಂದೆ ಯಾರೂ ಇಲ್ಲವೆಂದು ಗೊತ್ತಾದದ್ದು ಬಸ್ಸಿನ ಸದ್ದಿನಿಂದ. ಗೇಟು ಮುಚ್ಚುವುದರೊಳಗೆ ತಲುಪಲಾರದವರನ್ನು ಎತ್ತಿಕೊಳ್ಳುವ ಬಸ್ಸು. ಅದು ನನ್ನ ವೇಗಕ್ಕೇ ಇಳಿದು, ಬಾಗಿಲು ತೆರೆದುಕೊಂಡೇ, ಪಕ್ಕಕ್ಕೆ ಬಂತು. ಒಳಗೆ ಏಳೆಂಟು ಜನ ಬಾಳೆಹಣ್ಣು ತಿನ್ನುತ್ತಿದ್ದರು, ಎಲ್ಲರೂ ನನಗಿಂತ ಚಿಕ್ಕವರು.

"ಆಜೀ, ಬಸಾ ಆತಾ," ಎಂದ ಬಾಗಿಲಲ್ಲಿದ್ದವ ಮರಾಠಿಯಲ್ಲಿ. ಅಜ್ಜಿ, ಇನ್ನು ಹತ್ತಿ ಕೂತುಬಿಡಿ. ದನಿಯಲ್ಲಿ ಗೇಲಿ ಇರಲಿಲ್ಲ, ಕರುಣೆಯಿತ್ತು. ಐ ವಾಂಟೆಡ್ ಟು. ಸುಳ್ಳು ಹೇಳಲಾರೆ. ಆ ಮೆಟ್ಟಿಲು ಎರಡೇ ಅಡಿ ದೂರವಿತ್ತು, ನನ್ನ ಎಡಗೈ ಅದರ ಕಂಬಿಯ ಕಡೆಗೆ ಅರ್ಧ ಎದ್ದಿತ್ತು ಕೂಡ.

ಆಗ ಮುಂದೆ, ಹದಿನಾರರ ಫಲಕದ ಹತ್ತಿರ, ಸೈಕಲ್ ಹಿಡಿದು ನಿಂತ ಬಿಳಿ ಧೋತರ ಕಂಡಿತು. ಕಾಗವಾಡದಿಂದ ಸೈಕಲ್ ತುಳಿದು ಬಂದಿದ್ದರು, ಆ ಕೆಮ್ಮಿನಲ್ಲಿ. ಸೈಕಲ್ ಹತ್ತಿ ನನ್ನ ಪಕ್ಕಕ್ಕೆ ಬಂದರು. ಬಸ್ಸಿನವನು ಅವರಿಗೆ ಏನೋ ಕೂಗಿ ಹೇಳಿದ. ಅವರು ಅವನಿಗೆ ಎಡಗಿವಿ ಕೊಟ್ಟರು.

"ಕೈಗೆ ಹೇಳ್ರಿ ವೈನಿ."

ಕಂಬಿಗೆ ಎದ್ದಿದ್ದ ಕೈಯನ್ನು ಹಿಂದಕ್ಕೆ ಬೀಸಿದೆ. ಬಾವಿಯಲ್ಲಿ ಬೀಸಿದ ಹಾಗೆ. ಕಾಲು ಇಲ್ಲವೆಂದುಕೊಂಡೆ, ತಳವಿಲ್ಲವೆಂದುಕೊಂಡೆ. ಕೈ ದಣಿದಾಗ ಗುದ್ದಲಿ ಹಿಡಿದ ಬೆನ್ನನ್ನು ಕರೆದೆ. ಬೆನ್ನು ಬಂತು. ಐದು ಕಿಲೋಮೀಟರು ಅವರ ಸೈಕಲ್ ನನ್ನ ಪಕ್ಕದಲ್ಲೇ ಉರುಳಿತು. ಬಸ್ಸು ಕಾದು ಕಾದು ಮುಂದೆ ಹೋಯಿತು.

ನಾನು ತಲುಪಿದಾಗ ಗೇಟಿನ ಬ್ಯಾನರ್ ಬಿಚ್ಚುತ್ತಿದ್ದರು. ಮಗ ಅಲ್ಲೇ ನಿಂತಿದ್ದ. ವಸ್ತಾದರು ಸೈಕಲ್ ಗೋಡೆಗೆ ಒರಗಿಸಿ ಕೇಳಿದರು: "ಎಷ್ಟ ತಡ ಆತ್ರಿ ಸಾವಕಾರ?"

"ಎಂಟ ಮಿನಿಟ," ಎಂದ ಮಗ, ನೆಲ ನೋಡುತ್ತಾ.

ಆ ಎಂಟು ನಿಮಿಷ ಎಲ್ಲಿ ಹೋದವೆಂದು ನನಗೆ ಗೊತ್ತಿತ್ತು. ಆ ಭಾನುವಾರದ ಡಾಂಬರು ರಸ್ತೆಯಲ್ಲಿ. "ಐ ಲಾಸ್ಟ್," ಎಂದೆ. "ಕೀಲಿ ನಿನ್ನ ಹತ್ರನ ಇರಲಿ."

"ತಡೀರಿ," ಎಂದರು ವಸ್ತಾದರು. "ಗೇಟ್ ಮುಚ್ಚೇತಿ, ಖರೆ. ವೈನಿ ಗೆದ್ದಿಲ್ಲ. ಆದ್ರ ಬಸ್ ಹತ್ತಿಲ್ಲ. ಬೆನ್ನ ಮಣ್ಣಿಗೆ ಹತ್ತಿಲ್ಲ. ಹಂಗಾರ ನೀವೂ ಗೆದ್ದಿಲ್ರಿ."

ನಮ್ಮ ಕಡೆ ಕುಸ್ತಿ ತೀರ್ಮಾನವಾಗದಿದ್ದರೆ ಪಂಚರು ಇಬ್ಬರು ಪೈಲ್ವಾನರ ಕೈಗಳನ್ನೂ ಹಿಡಿದೆತ್ತಿ ಬರೋಬರಿ ಎಂದು ಸಾರುತ್ತಾರೆ. ಐದು ತಿಂಗಳಲ್ಲಿ ಒಮ್ಮೆಯೂ ನನ್ನ ನೆರಳನ್ನೂ ಮುಟ್ಟದ ಆ ಮನುಷ್ಯ ಒಂದು ಕೈಯಲ್ಲಿ ನನ್ನ ಮುರಿದು ಕೂಡಿದ ಮಣಿಕಟ್ಟು ಹಿಡಿದರು, ಇನ್ನೊಂದರಲ್ಲಿ ಮಗನದು. ಎರಡನ್ನೂ ಎತ್ತಿದರು. ಬ್ಯಾನರ್ ಬಿಚ್ಚುವವರು ಕೆಲಸ ನಿಲ್ಲಿಸಿ ನೋಡಿದರು.

"ಬರೋಬರಿ," ಎಂದರು.

ಮಗ ಕೈ ಇಳಿಸಿಕೊಳ್ಳಲಿಲ್ಲ. ಅಳುತ್ತಿದ್ದನೇನೋ, ನಾನು ನೋಡಲಿಲ್ಲ. ಮರುದಿನ ಎರಡನೆಯ ಕೀಲಿ ಮಾಡಿಸಿ ತಂದು ದೇವರಮನೆಯ ಮೊಳೆಗೆ ಹಾಕಿದ. ತೋಟ ಮುಟ್ಟಿದಾಗ ಒಂದು ಫೋನ್, ಬಿಡುವಾಗ ಒಂದು ಫೋನ್, ಇದು ಅವನ ಷರತ್ತು. ಒಪ್ಪಿದೆ. ಇವತ್ತಿಗೂ ಮಾಡುತ್ತೇನೆ.

ಆ ಕೆಮ್ಮು ಹೋಗಲಿಲ್ಲ. ಮುಂದಿನ ಶ್ರಾವಣದಲ್ಲಿ ಅವರು ತೀರಿಕೊಂಡರು. ಕೊನೆಯ ದರ್ಶನಕ್ಕೆ ದೇಹವನ್ನು ತಾಲೀಮಿನೊಳಗೆ ಇಟ್ಟರು. ನಾವು ಹೆಂಗಸರು ಹೊಸ್ತಿಲ ಹೊರಗೆ ನಿಂತೆವು. ಅವರ ಹೆಂಡತಿ ನನ್ನ ಕೈಯನ್ನು, ಬಾವಿಯ ಹಗ್ಗ ಹಿಡಿಯುತ್ತಿದ್ದ ಹಾಗೆಯೇ, ಬಿಗಿಯಾಗಿ ಹಿಡಿದಿದ್ದರು. ಅಲ್ಲಿಂದ ನನಗೆ ಆ ಕಿವಿ ಮಾತ್ರ ಕಾಣುತ್ತಿತ್ತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಇಬ್ಬರು ಪೈಲ್ವಾನರು ಬುಟ್ಟಿ ಹಿಡಿದು ಬೇವಿನ ಮರದ ಹತ್ತಿರ ಬಂದರು. ಅಖಾಡದ ಮಣ್ಣು ಹೊರಗೆ ಬಿಡಬಾರದು, ಒಳಗೆ ಒಯ್ಯಬೇಕು ಎಂದರು. ನ್ಯಾಯವಾದ ಮಾತೇ. ನಾನು ಗುದ್ದಲಿಯಿಂದ ಆ ಮಣ್ಣಿನ ನಟ್ಟನಡುವೆ ಒಂದು ಗೆರೆ ಎಳೆದೆ.

"ಅರ್ಧ ಒಯ್ಯಿರಿ," ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು, ಅರ್ಧವನ್ನೇ ತುಂಬಿಕೊಂಡು ಹೋದರು. ಉಳಿದದ್ದು ಅಲ್ಲೇ ಇದೆ. ಮಂಗಳವಾರ ನಾನು ಓಡುವುದಿಲ್ಲ, ಅದನ್ನು ಅಗೆಯುತ್ತೇನೆ.