ಅವ್ವ ಇದ್ದೂ ತಬ್ಬಲಿಯಾದ ನಾನು

ಹೊಳೆ ಊರೊಳಗೆ ನುಗ್ಗಿದಾಗ ನಾನು ಎಂಟನೇ ಕ್ಲಾಸಿನಲ್ಲಿದ್ದೆ. ನಮ್ಮೂರು ಮಾಗಳದಲ್ಲಿ ನಮ್ಮ ಮಣ್ಣಿನ ಮನೆಯ ಹಿಂಗೋಡೆ ಕುಸಿದುಬಿತ್ತು. ಮನೆ ಕಳೆದುಕೊಂಡವರನ್ನೆಲ್ಲ ಶಾಲೆಯಲ್ಲಿ ಇಟ್ಟರು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಇದ್ದವರು ಅವ್ವ, ನಾನು, ಇಬ್ಬರೇ. ಅವ್ವ ಸುಮ್ಮನೆ ಕೂರುವವಳಲ್ಲ. ಹೋದ ದಿನವೇ ಶಾಲೆಯ ಅಡುಗೆಮನೆ ಹೊಕ್ಕು ಎಲ್ಲರಿಗೂ ರೊಟ್ಟಿ ಬಡಿಯತೊಡಗಿದಳು.

ನೀರು ಇಳಿದ ಮೇಲೆ ಸಿನಿಮಾ ನಟಿಯೊಬ್ಬಳು ಬಂದಳು. ಹೊರದೇಶದ ದೊಡ್ಡ ಪರಿಹಾರ ಸಂಸ್ಥೆಯೊಂದಕ್ಕೆ ಆಕೆ ರಾಯಭಾರಿಯಂತೆ. ಮಕ್ಕಳನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು. ಕ್ಯಾಮೆರಾದವನು ನನ್ನತ್ತ ಕೈ ತೋರಿಸಿ, "ಈ ಹುಡುಗಿ ಕಣ್ಣು ಚೆನ್ನಾಗಿದೆ" ಎಂದ. ಅವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಚಣಿಗೆ ಹಿಡಿದು ಓಡಿಬಂದಳು.

"ಬಾಚಬೇಡಿ, ತಲೆ ಹಾಗೇ ಇರಲಿ. ಅಮ್ಮಾ, ನೀವು ಸ್ವಲ್ಪ ಆ ಕಡೆ ಹೋಗಿ" ಎಂದ ಕ್ಯಾಮೆರಾದವನು.

"ಇಲ್ಲೇ ನಿಂತಿರ್ತೀನಿ, ಅಂಜಬ್ಯಾಡ" ಎಂದು ನನಗೆ ಹೇಳಿ ಅವ್ವ ದೂರ ಸರಿದಳು.

ಬಿದ್ದ ಮನೆಯ ಮುಂದೆ ನನ್ನನ್ನು ಕೂರಿಸಿದರು. ನಟಿ ಪಕ್ಕದಲ್ಲಿ ಕೂತು, "ನಿಂಗೇನು ಬೇಕು ಪುಟ್ಟಿ?" ಎಂದಳು. "ಮನಿ" ಅಂದೆ. ಆಕೆ ನನ್ನನ್ನು ತಬ್ಬಿಕೊಂಡು ಅತ್ತಳು. ಆ ಅಳು ಸುಳ್ಳಲ್ಲ, ನನ್ನ ಹೆಗಲು ಒದ್ದೆಯಾಗಿತ್ತು. "ಇನ್ನು ಮೇಲೆ ನೀನು ನನ್ನ ಮಗಳು" ಎಂದಳು. ದೂರದಲ್ಲಿ ಅವ್ವ ನಗುತ್ತಾ ಪಕ್ಕದವಳಿಗೆ, "ನೋಡವಾ, ನನ್ನ ಮಗಳಿಗೆ ಇನ್ನೊಬ್ಬಾಕಿ ಅವ್ವ ಸಿಕ್ಕಳು" ಅನ್ನುತ್ತಿದ್ದಳು. ಸಂಜೆ ನಮಗೆಲ್ಲ ಕಂಬಳಿ, ಬಕೀಟು ಹಂಚಿ ಹೋದರು. ಮನೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಕೆಲವು ತಿಂಗಳಾದ ಮೇಲೆ ಹಡಗಲಿಯಿಂದ ಬಂದ ಸೋದರಮಾವ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಕೆದರಿದ ಕೂದಲಿನ ನನ್ನ ಮುಖ, ಹಿಂದೆ ಕೊಳಲು, ಅದರ ಮೇಲೆ ನಟಿಯ ದನಿ: "ಹೊಳೆ ಎಲ್ಲವನ್ನೂ ಒಯ್ದಿದೆ. ಈ ಮಗುವಿಗೆ ಈಗ ಯಾರೂ ಇಲ್ಲ."

"ಹಂಗಾರ ನಾ ಎಲ್ಲಿ ಹೋಗೀನಂತ?" ಅವ್ವ ಕೇಳಿದಳು. ಮಾವ ನಕ್ಕ. ಅವ್ವ ನಗಲಿಲ್ಲ.

ಮರುದಿನ ನನ್ನನ್ನು ಕರೆದುಕೊಂಡು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದಳು. ಸಂಸ್ಥೆಯ ಕಚೇರಿ ಅಲ್ಲಿತ್ತು. ಒಳಗಿದ್ದ ಅಧಿಕಾರಿ ಚಹಾ ತರಿಸಿದರು.

"ತಾಯಿ ತೀರಿಕೊಂಡಿದ್ದಾರೆ ಅಂತ ನಾವೆಲ್ಲೂ ಹೇಳಿಲ್ಲಮ್ಮ. ಯಾರೂ ಇಲ್ಲ ಅಂದಿದ್ದೇವೆ, ಅಷ್ಟೆ. ಹಾಗಂದರೆ ನೋಡಿದವರ ಮನಸ್ಸು ಕರಗುತ್ತೆ, ಸಹಾಯ ಬರುತ್ತೆ. ಮೇಡಂಗೂ ಗೊತ್ತಿಲ್ಲ, ಬರೆದುಕೊಟ್ಟಿದ್ದನ್ನು ಓದಿದ್ದಾರೆ."

"ಯಾರೂ ಇಲ್ಲಂದ್ರ ನಾನ್ಯಾರ್ರಿ? ಹೊಳಿ ಬಂದ ರಾತ್ರಿ ಈಕಿನ್ನ ರಟ್ಟಿ ಹಿಡಿದು ಎಳಕೊಂಡು ಎದಿಮಟ ನೀರಾಗ ಬಂದಾಕಿ ಯಾರ್ರಿ?"

ಮೇಲಿನವರಿಗೆ ತಿಳಿಸುತ್ತೇನೆ ಎಂದರು. ಅವರ ಹಿಂದಿನ ಗೋಡೆಯ ಮೇಲೆ ನಾನೂ ನಟಿಯೂ ತಬ್ಬಿಕೊಂಡ ದೊಡ್ಡ ಚಿತ್ರವಿತ್ತು. ಅವ್ವ ಎದ್ದುಹೋಗಿ ಅದನ್ನು ಕಿತ್ತು ಸುತ್ತಿಕೊಂಡಳು. ಅಧಿಕಾರಿ ತಡೆಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಅದನ್ನು ಬಿಚ್ಚಿ ಬಹಳ ಹೊತ್ತು ನೋಡಿ, "ಫೋಟೋ ಏನೋ ಚಂದ ಬಂದೈತಿ" ಎಂದಳು. ಆಮೇಲೆ ನಾಲ್ಕು ಚೂರು ಮಾಡಿ ಅಲ್ಲೇ ಬಿಸಾಕಿದಳು.

ವಿಡಿಯೋ ಮಾತ್ರ ಹೋಗಲಿಲ್ಲ. ಪ್ರತಿ ಮಳೆಗಾಲ ಯಾರಾದರೂ ಮತ್ತೆ ಹರಿಬಿಡುತ್ತಾರೆ. ಮದುವೆಯ ವಯಸ್ಸಿಗೆ ಬಂದಾಗ ನನ್ನನ್ನು ನೋಡಲು ಹರಪನಹಳ್ಳಿ ಕಡೆಯಿಂದ ಬಂದವರೂ ಅದನ್ನು ನೋಡಿದ್ದರು. ಹುಡುಗನ ತಾಯಿ ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟು, "ನೀವು ಹುಡುಗಿಗೆ ಏನಾಗ್ಬೇಕ್ರಿ? ಸಾಕಿದವ್ರಾ?" ಎಂದು ಕೇಳಿದರು. ಅವ್ವ ಹೆತ್ತ ದಿನ, ಸೂಲಗಿತ್ತಿಯ ಮನೆ ಎಲ್ಲವನ್ನೂ ಹೇಳಿದಳು. ಅವರು ತಲೆಯಾಡಿಸಿ ಹೋದರು, ಮತ್ತೆ ಬರಲಿಲ್ಲ.

ಕೊನೆಗೆ ನನ್ನನ್ನು ಕೊಟ್ಟೂರಿಗೆ ಕೊಟ್ಟರು. ಗಂಡ ಒಳ್ಳೆಯವನು, ಅವನಿಗೆ ನಿಜ ಗೊತ್ತು. ಅವನ ಬಳಗದ ಹೆಂಗಸರಿಗೆ ಮಾತ್ರ ಅದು ಬೇಡ. ಅವ್ವ ಬಂದಾಗಲೆಲ್ಲ, "ತಬ್ಬಲಿ ಹುಡುಗಿನ್ನ ಸ್ವಂತ ಮಗಳಂಗ ಸಾಕ್ಯಾಳ, ಪುಣ್ಯಾತಗಿತ್ತಿ" ಎಂದು ಹೊಗಳುತ್ತಾರೆ. ಮೊದಮೊದಲು ಅವ್ವ ಜಗಳಕ್ಕೇ ನಿಲ್ಲುತ್ತಿದ್ದಳು.

ಹೋದ ಸಲ ನನ್ನ ಮಗನ ಜವಳ ತೆಗೆಸಿದ ದಿನದ ಊಟದಲ್ಲಿ ಒಬ್ಬಾಕೆ ಅದೇ ಮಾತಾಡಿದಳು. ಅವ್ವ "ಹೌದವಾ" ಎಂದು ಊಟ ಮುಂದುವರಿಸಿದಳು. ಊಟ ಮುಗಿದ ಮೇಲೆ ಅವಳನ್ನು ಒಳಗೆ ಕರೆದು, "ಯಾಕಬೇ ಹಂಗಂದಿ?" ಎಂದೆ.

"ಎಷ್ಟ ಮಂದಿಗಂತ ಹೇಳ್ಲಿ?" ಎಂದಳು. "ಆ ಸಿನಿಮಾದಾಕಿ ಅತ್ತು ಹೇಳ್ಯಾಳ, ನಂಬ್ಯಾರ. ನಾ ಎದುರಿಗೆ ನಿಂತು ಹೇಳಿದ್ರೂ ನಂಬಂಗಿಲ್ಲ."