ಮುಚ್ಚಳವಿಲ್ಲದ ಪೆಟ್ಟಿಗೆ

ಮೊನ್ನೆ ಹಾಸನದ ಒಂದು ಬ್ಯಾಂಕಿನಲ್ಲಿ ಪಾಸ್‌ಬುಕ್ ಅಚ್ಚು ಹಾಕುವ ಯಂತ್ರದ ಮುಂದೆ ಸರದಿಯಲ್ಲಿ ನಿಂತಿದ್ದೆ. ಬಾಗಿಲ ಪಕ್ಕದಲ್ಲಿ ಇಟ್ಟಿರುತ್ತಾರಲ್ಲ, ಅದೇ. ಪುಸ್ತಕವನ್ನು ಬಾಯಿಗೆ ಕೊಟ್ಟರೆ ಗರಗರ ಅಗಿದು, ತೆರೆದ ಪುಟವನ್ನು ಹಾಗೇ ಹೊರಗೆ ಚಾಚುತ್ತದೆ. ನನ್ನ ಮುಂದಿದ್ದ ಹೆಂಗಸಿನ ಪುಸ್ತಕ ಹೊರಬಂದಾಗ, ನನ್ನ ಹಿಂದಿದ್ದ ಟೋಪಿಯವರು ಕತ್ತು ಉದ್ದ ಮಾಡಿದರು. ನಾನೂ ಮಾಡಿದೆ, ಸುಳ್ಳೇಕೆ ಹೇಳಲಿ. ಆಕೆ ತಿರುಗಿ ಪುಸ್ತಕವನ್ನು ನನಗೇ ಕೊಟ್ಟರು. “ಎಷ್ಟೈತೆ ನೋಡಿ ಏಳಿ ಸಾ. ಕನ್ನಡಕ ಮನೇಲೇ ಬುಟ್ ಬಂದಿವ್ನಿ.”

ಹೇಳಲು ಬಾಯಿ ತೆರೆದೆ. ಅಂಕಿಯನ್ನು ಹಾಗೇ ನುಂಗಿಕೊಂಡೆ. ಏಕೆಂದು ಹೇಳಬೇಕಾದರೆ ನಾನು ಮಾಡಿಕೊಟ್ಟಿದ್ದ ಒಂದು ಪೆಟ್ಟಿಗೆಯ ಕಥೆ ಹೇಳಬೇಕು.

ತೊಂಬತ್ತರ ದಶಕದಲ್ಲಿ ಹಾಸನದ ಬಸ್‌ಸ್ಟ್ಯಾಂಡಿನ ಬಳಿ ನನ್ನದೊಂದು ಜೆರಾಕ್ಸ್ ಅಂಗಡಿ ಇತ್ತು. ಮೊದಲು ಒಂದು ಮಿಷನ್ನು, ಆಮೇಲೆ ಲಗ್ನಪತ್ರಿಕೆ ಟೈಪ್ ಮಾಡಲು ಒಂದು ಕಂಪ್ಯೂಟರು, ಆಮೇಲೆ ಕಂಪ್ಯೂಟರನ್ನೇ ಜೋಡಿಸಿ ಮಾರುವ ಧೈರ್ಯ. ಹೊಸ ಶತಮಾನ ಬರುವ ಹೊತ್ತಿಗೆ ಅಂಗಡಿಯ ಬೋರ್ಡಿನಲ್ಲಿ ‘ಸಾಫ್ಟ್‌ವೇರ್’ ಎಂಬ ಪದ ಸೇರಿಕೊಂಡಿತು. ನನಗೆ ಸಾಫ್ಟ್‌ವೇರ್ ಬರುತ್ತಿರಲಿಲ್ಲ. ಬರುವವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಬರುತ್ತಿತ್ತು. ಹಾಗೆ ಸಿಕ್ಕವಳು ಮಮತಾ, ಇಲ್ಲಿನ ಕಾಲೇಜಿನಲ್ಲೇ ಓದಿದ ಹುಡುಗಿ. ಅವಳು ಬರೆಯುತ್ತಿದ್ದಳು, ನಾನು ಮಾರುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ಒಂದು ಸಹಕಾರಿ ಬ್ಯಾಂಕಿನವರು ಕರೆಸಿದರು. ಹೆಸರು ಬೇಡ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಅವರ ಶಾಖೆಗಳಿದ್ದವು. ದೊಡ್ಡ ಬ್ಯಾಂಕುಗಳಂತೆ ತಮ್ಮ ಗ್ರಾಹಕರೂ ಇಂಟರ್‌ನೆಟ್ಟಿನಲ್ಲಿ ಖಾತೆ ನೋಡಬೇಕೆಂದು ಅವರ ಆಸೆ. ಹಣ ಕಳಿಸುವಂತಿರಲಿಲ್ಲ, ನೋಡುವುದು ಮಾತ್ರ. ಆದರೆ ಆ ಪರದೆಯ ಮೇಲೆ ಮೊದಲು ಏನು ಕಾಣಬೇಕು ಎನ್ನುವುದರಲ್ಲೇ ಮೂರು ಶಾಖೆಗೂ ಜಗಳ. ಅರಕಲಗೂಡಿನವರಿಗೆ ಚೆಕ್ ಪುಸ್ತಕದ ಅರ್ಜಿ ಮೇಲಿರಬೇಕು. ಚನ್ನರಾಯಪಟ್ಟಣದವರಿಗೆ ಚಿನ್ನದ ಸಾಲದ ದರ. ಮಮತಾ ಒಂದು ಉಪಾಯ ತೆಗೆದಳು. ಪ್ರತಿಯೊಂದು ವಿಷಯಕ್ಕೂ ಒಂದೊಂದು ಪೆಟ್ಟಿಗೆ. ಯಾರಿಗೆ ಯಾವುದು ಎಲ್ಲಿ ಬೇಕೋ ಮೌಸಿನಿಂದ ಎಳೆದು ಇಟ್ಟುಕೊಳ್ಳಲಿ, ಬೇಕಾದ ಬಣ್ಣ ಬಳಿದುಕೊಳ್ಳಲಿ, ಹೊಸ ಮನೆಗೆ ಹೋದವರು ಬೀರು ಮಂಚ ಜೋಡಿಸಿಕೊಳ್ಳುವ ಹಾಗೆ.

ಇಲ್ಲಿ ನಿಮಗೊಂದು ಬುದ್ಧಿಮಾತು, ಪುಕ್ಕಟೆಯಾಗಿ. ರೇಟನ್ನು ಎಂದೂ ಒಟ್ಟಿಗೆ ಹೇಳಬೇಡಿ, ಬಿಡಿಬಿಡಿಯಾಗಿ ಹೇಳಿ. ಒಟ್ಟು ಮೊತ್ತ ಕೇಳಿದರೆ ಗಿರಾಕಿ ಎದೆ ಹಿಡಿದುಕೊಳ್ಳುತ್ತಾನೆ, ಬಿಡಿ ರೇಟು ಕೇಳಿದರೆ ಪೆನ್ನು ಹಿಡಿದುಕೊಳ್ಳುತ್ತಾನೆ. ನಾನು ಪೆಟ್ಟಿಗೆಗೆ ಇಷ್ಟೆಂದು ರೇಟು ಹಾಕಿದೆ. ಪೆಟ್ಟಿಗೆಗಳು ತಾವಾಗಿ ಹೆಚ್ಚಿದವು.

ಹೊಳೆನರಸೀಪುರದ ಶಾಖೆಯಲ್ಲಿ ಪಾಸ್‌ಬುಕ್ ಬರೆಯುತ್ತಿದ್ದವರು ಧರಣೇಂದ್ರಯ್ಯ. ಚನ್ನರಾಯಪಟ್ಟಣದ ಕಡೆಯ ಜೈನರು. ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ದುಂಡು ಅಕ್ಷರ, ತೋಳಿಗೆ ಶಾಯಿ ತಾಗದಂತೆ ಕಟ್ಟಿದ ಕರವಸ್ತ್ರ. ಅವರು ಬರೆದ ಒಂದು ಅಂಕಿಯನ್ನೂ ಯಾರೂ ಹೊಡೆದುಹಾಕಿ ತಿದ್ದಿದ್ದಿಲ್ಲವೆಂದು ಶಾಖೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಾನು ಗಮನಿಸಿದ್ದು ಬೇರೆ. ಬರೆದಾದ ಮೇಲೆ ಅವರು ಪುಸ್ತಕ ಮುಚ್ಚಿ, ಬೋರಲು ಹಾಕಿ, ಕಿಂಡಿಯಿಂದ ತಳ್ಳುತ್ತಿದ್ದರು. ಓದಲು ಬಾರದವರು ಎಷ್ಟಿದೆ ಎಂದು ಕೇಳಿದರೆ ಅಂಕಿ ಹೇಳುತ್ತಿರಲಿಲ್ಲ. “ಬೆಳ್ದೈತಮ್ಮ” ಎನ್ನುವರು, ಇಲ್ಲವೇ “ವಸಿ ಇಳ್ದೈತಪ್ಪ” ಎನ್ನುವರು. ಕೇಳಿದವರಿಗೆ ಅಷ್ಟು ಸಾಲುತ್ತಿತ್ತು. ಹಿಂದೆ ನಿಂತವರಿಗೆ ಏನೂ ಸಿಗುತ್ತಿರಲಿಲ್ಲ.

ನಮ್ಮ ಪರದೆಯನ್ನು ಅವರಿಗೆ ತೋರಿಸಿದಾಗ, ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಕೂತಿದ್ದ ಬ್ಯಾಲೆನ್ಸಿನ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು. “ಸ್ವಾಮಿ, ಇದಕ್ಕೊಂದು ಮುಚ್ಚಳ ಬೇಕಲ್ಲ. ಒತ್ತಿದರೆ ಕಾಣಬೇಕು, ಇಲ್ಲದಿದ್ದರೆ ಕಾಣಬಾರದು. ಜನ ಸೈಬರ್ ಅಂಗಡಿಯಲ್ಲಿ ಕೂತು ನೋಡ್ತಾರೆ. ಬೆನ್ನ ಹಿಂದೆ ಹತ್ತು ಕಣ್ಣಿರ್ತವೆ.”

ಮಮತಾಳಿಗೆ ಅರ್ಧ ದಿನದ ಕೆಲಸ. ನಾನು ಅದಕ್ಕೂ ರೇಟು ಹಾಕಿ ಜನರಲ್ ಮ್ಯಾನೇಜರ ಮುಂದಿಟ್ಟೆ. ಅವರು ನನ್ನನ್ನೂ ಮೀರಿಸಿದ ಚೌಕಾಸಿಗಾರರು.

“ಪೆಟ್ಟಿಗೆಗೊಂದು ರೇಟು, ಮುಚ್ಚಳಕ್ಕೊಂದು ರೇಟಾ? ಟ್ರಂಕಿನ ಅಂಗಡೀಲೂ ಹಿಂಗೆ ಕೇಳಲ್ಲ ಕಣ್ರೀ!”

“ಸಾರ್, ಕೆಲಸ ಕೆಲಸವೇ.”

“ಹಂಗಾದ್ರೆ ಬ್ಯಾಡ. ಮುಚ್ಚಿಡಕ್ಕೆ ನಮ್ಮ ಗಿರಾಕಿಗಳೇನು ಕದ್ದು ತಂದವ್ರಾ?”

ಮುಚ್ಚಳ ಬಿಟ್ಟುಹೋಯಿತು. ಪುಕ್ಕಟೆ ಹಾಕಿಕೊಡಬಹುದಿತ್ತು. ಒಮ್ಮೆ ಕೊಟ್ಟರೆ ಅಭ್ಯಾಸವಾಗುತ್ತದೆ ಎಂಬುದು ನನ್ನ ಆಗಿನ ಸಿದ್ಧಾಂತ.

ಉದ್ಘಾಟನೆ ಹೊಳೆನರಸೀಪುರದಲ್ಲಿ. ಷೇರುದಾರರನ್ನೆಲ್ಲ ಕರೆದು, ಪ್ರೊಜೆಕ್ಟರ್ ಇಟ್ಟು ಗೋಡೆಯ ಮೇಲೆ ತೋರಿಸುವುದು ಎಂದಾಯಿತು. ಸಾಮಾನ್ಯ ಹೆಂಗಸೊಬ್ಬರು ಕೂತು ಮೌಸ್ ಆಡಿಸಿದರೆ ಫೋಟೋಗೆ ಚೆನ್ನ ಎಂದರು ಮ್ಯಾನೇಜರು. ಹಳ್ಳಿಮೈಸೂರಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಸಾಕಮ್ಮ ಎಂಬಾಕೆ ಪ್ರತಿ ಸೋಮವಾರ ಹಣ ಕಟ್ಟಲು ಬರುತ್ತಿದ್ದರು. ನಾನೇ ಒಪ್ಪಿಸಿದೆ. “ಕೂತ್ಕೊಂಡ್ರೆ ಸಾಕಮ್ಮ, ಪೆಟ್ಟಿಗೆ ಎಳೆದಾಡಿದ್ರೆ ಆಯ್ತು” ಎಂದೆ. ಗೋಡೆಯ ವಿಷಯ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳ್ಳಿಮೈಸೂರಿನ ಬಸ್ ನಿಲ್ಲುವ ಕಡೆ ಒಂದು ಮಳಿಗೆ ಖಾಲಿಯಾಗುವುದಿತ್ತು. ಅದಕ್ಕೆ ಮುಂಗಡ ಕೊಟ್ಟು, ಎರಡು ಹೊಲಿಗೆ ಮಿಷನ್ ಹಾಕಬೇಕೆಂದು ಸಾಕಮ್ಮ ವರ್ಷಗಟ್ಟಲೆ ಕೂಡಿಟ್ಟಿದ್ದರು. ಗಂಡನಿಗೆ ಗೊತ್ತಿತ್ತು, ಆದರೆ ಅಣ್ಣನ ಮುಂದೆ ಆತನಿಗೆ ಬಾಯಿಲ್ಲ. ಆ ಅಣ್ಣ ಚಂದ್ರೇಗೌಡರಿಗೆ ಹಳೇ ಟೆಂಪೋ ಒಂದನ್ನು ಕೊಳ್ಳುವ ಹುಚ್ಚು. ಆಗಲೇ ಒಂದು ಸಲ ಕೇಳಿದ್ದರಂತೆ, ಈಕೆ “ನನ್ತಾವ ಎಲ್ಲೈತೆ ಭಾವ” ಎಂದಿದ್ದರಂತೆ. ಒಟ್ಟು ಕುಟುಂಬದಲ್ಲಿ ಕಣ್ಣಿಗೆ ಬಿದ್ದ ಹಣ ಮನೆಯ ಹಣ. ಆ ಚಂದ್ರೇಗೌಡರು ಬ್ಯಾಂಕಿನ ಷೇರುದಾರರು, ಆ ದಿನ ಎರಡನೇ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು.

ದೀಪ ಆರಿಸಿದರು. ಗೋಡೆಯ ಮೇಲೆ ಮೊಳದುದ್ದದ ಅಂಕಿ ಬೆಳಗಿತು. ಮೇಲೆ ಸಾಕಮ್ಮನವರ ಹೆಸರು, ಕನ್ನಡದಲ್ಲಿ. ಕನ್ನಡದಲ್ಲಿ ಬರಿಸಲು ನಾನು ಬೇರೆ ರೇಟು ತೆಗೆದುಕೊಂಡಿದ್ದೆ.

ಆಕೆ ಮೌಸ್ ಹಿಡಿದು ಆ ಪೆಟ್ಟಿಗೆಯನ್ನು ಕೆಳಕ್ಕೆ ಎಳೆದರು. ಜನ ಚಪ್ಪಾಳೆ ತಟ್ಟಿದರು. ಬಲಕ್ಕೆ ಎಳೆದರು, ಮೂಲೆಗೆ ತಳ್ಳಿದರು. ಗೋಡೆಯಿಂದಲೇ ಆಚೆಗೆ ನೂಕಲು ನೋಡುತ್ತಿದ್ದಾರೆಂದು ನನಗೆ ಅರ್ಥವಾಗುವ ಹೊತ್ತಿಗೆ ಚಪ್ಪಾಳೆ ನಿಂತಿತ್ತು. ನಮ್ಮ ಪೆಟ್ಟಿಗೆಗಳನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದಿತ್ತು, ತೆಗೆಯುವಂತಿರಲಿಲ್ಲ.

“ಏನಮ್ಮಿ ಸಾಕಮ್ಮ,” ಎಂದರು ಚಂದ್ರೇಗೌಡರು, ಕತ್ತಲಿನಿಂದ. “ಎಲ್ಲೈತೆ ಎಲ್ಲೈತೆ ಅಂತಿದ್ದೆ. ಗೋಡೆ ಮ್ಯಾಲೈತಲ್ಲಮ್ಮಿ!”

ಒಂದಿಬ್ಬರು ನಕ್ಕರು. ಸಾಕಮ್ಮ ತಿರುಗದೆ ಹೇಳಿದರು: “ಅದು ನಂದಲ್ಲ ಭಾವ. ಇವ್ರ ಮಿಷನ್ನು ತಪ್ಪು ತೋರುಸ್ತಾ ಐತೆ.”

ನಾನು ಅಂಗಡಿಯವನು. ನನ್ನ ಮಾಲನ್ನು ನಾಲ್ಕು ಜನರ ಮುಂದೆ ತಪ್ಪು ಎಂದರೆ ನಾಲಿಗೆ ಸುಮ್ಮನಿರುವುದಿಲ್ಲ. “ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ,” ಎಂದುಬಿಟ್ಟೆ. ಆಕೆ ನನ್ನನ್ನು ನೋಡಿದರು. ಜೀವನದಲ್ಲಿ ಬಹಳ ಜನ ನನ್ನನ್ನು ಬೈದಿದ್ದಾರೆ, ಆ ನೋಟದ ಮುಂದೆ ಅದೆಲ್ಲ ಏನೂ ಅಲ್ಲ.

ಗೋಡೆಯ ಪಕ್ಕದಲ್ಲಿ ನಿಂತಿದ್ದ ಧರಣೇಂದ್ರಯ್ಯ ಮುಂದೆ ಬಂದರು. “ಮಿಷನ್ ತಪ್ಪಲ್ಲ, ತಪ್ಪು ನಂದು. ಲೆಡ್ಜರಿನಿಂದ ಕಂಪ್ಯೂಟರಿಗೆ ಏರಿಸುವಾಗ ಬೇರೆ ಯಾರದೋ ಎಂಟ್ರಿ ಇವರ ಖಾತೆಗೆ ಬಂದುಬಿಟ್ಟಿದೆ. ನಾಳೆ ಸರಿ ಮಾಡ್ತೀನಿ. ಕ್ಷಮಿಸಬೇಕು.”

ಅವರ ಕೈಬರಹ ತಪ್ಪುವುದಿಲ್ಲವೆಂದು ಇಡೀ ಊರಿಗೆ ಗೊತ್ತಿತ್ತು. ಆದರೆ ಅವರು ಸುಳ್ಳು ಹೇಳುವವರಲ್ಲ ಎನ್ನುವುದೂ ಗೊತ್ತಿತ್ತಲ್ಲ, ಅದು ಗೆದ್ದಿತು. “ನಾನೂ ಅದೇ ಅಂದ್ಕಂಡೆ, ಇವ್ಳತಾವ ಎಲ್ಲಿಂದ ಬಂದಾತು,” ಎಂದು ಚಂದ್ರೇಗೌಡರು ಕಾಲು ಬದಲಿಸಿ ಕೂತರು.

ಮ್ಯಾನೇಜರು ಮರುದಿನ ಲೆಡ್ಜರ್ ತರಿಸಿ ನೋಡಿದರು. ತಪ್ಪಿರಲಿಲ್ಲ. ಹಾಗಿದ್ದರೆ ಸಭೆಯಲ್ಲಿ ಬ್ಯಾಂಕಿನ ಮಾನ ಕಳೆದದ್ದೇಕೆಂದು ಧರಣೇಂದ್ರಯ್ಯನವರಿಗೆ ಮೆಮೊ ಕೊಟ್ಟರು. ಗಡಿಬಿಡಿಯಲ್ಲಿ ತಪ್ಪು ತಿಳಿದೆ ಎಂದು ಅವರು ಅದೇ ದುಂಡು ಅಕ್ಷರದಲ್ಲಿ ಬರೆದುಕೊಟ್ಟರು. ಅವರ ಸರ್ವಿಸ್ ರಿಜಿಸ್ಟರಿನಲ್ಲಿ ಮೊದಲ ಮತ್ತು ಕೊನೆಯ ಕೆಂಪು ಶಾಯಿ ಬಿತ್ತು. ಬೀಳ್ಕೊಡುಗೆಯ ದಿನ ಮ್ಯಾನೇಜರು ಬರಲಿಲ್ಲ. ಮುಚ್ಚಳದ ಮಾತು ಬಿದ್ದುಹೋದದ್ದು ನನ್ನ ರೇಟಿನಿಂದ, ಆಕೆಯನ್ನು ಕೂರಿಸಿದ್ದು ನಾನು ಎಂದು ನಾನೊಬ್ಬ ಹೇಳಿದ್ದರೆ ಸಾಕಿತ್ತು. ನನ್ನ ಬಿಲ್ಲಿನ ಕೊನೆಯ ಕಂತು ಬರಬೇಕಿತ್ತು. ಹೇಳಲಿಲ್ಲ.

ಧರಣೇಂದ್ರಯ್ಯನವರನ್ನು ಒಂದು ದಿನ ಕೇಳಿದೆ, ಹಾಗೇಕೆ ಮಾಡಿದಿರಿ ಎಂದು. “ನನ್ನ ಹೆಸರಿಗೆ ಒಂದು ಗೀಟು ಬಿದ್ದರೆ ಏನಾಯ್ತು ಸ್ವಾಮಿ? ನಾನು ಹೇಗೂ ಮನೆಗೆ ಹೋಗೋನು. ಆಯಮ್ಮ ಅಂಗಡಿ ಹಾಕಬೇಕಾದವಳು,” ಎಂದರು. ನನ್ನನ್ನು ಬೈಯಬಹುದಿತ್ತು. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು.

ಆ ವಾರವೇ ಮಮತಾಳಿಂದ ಮುಚ್ಚಳ ಮಾಡಿಸಿ ಮೂರು ಶಾಖೆಗೂ ಹಾಕಿಸಿದೆ. ಅಂಕಿಯ ಜಾಗದಲ್ಲಿ ಚುಕ್ಕಿಗಳು, ಒತ್ತಿದರೆ ಅಂಕಿ, ಕೈ ತೆಗೆದರೆ ಮತ್ತೆ ಚುಕ್ಕಿಗಳು. ಬಿಲ್ಲು ಎಲ್ಲಿ ಎಂದು ಮ್ಯಾನೇಜರು ಕೇಳಿದರು. ಇದಕ್ಕಿಲ್ಲ ಸಾರ್ ಎಂದೆ. ಅವರು ಕನ್ನಡಕ ತೆಗೆದು ನೋಡಿದರು. “ಯಾಕ್ರೀ, ಮೈ ಹುಷಾರಾಗಿದೆಯಾ?”

ಸಾಕಮ್ಮನವರ ಮಳಿಗೆ ಆಯಿತು. ಹಳ್ಳಿಮೈಸೂರಿನ ದಾರಿಯಲ್ಲಿ ಹೋಗುವಾಗ ಒಮ್ಮೆ ಇಳಿದು ಒಳಗೆ ಹೋದೆ. ಎರಡು ಮಿಷನ್ನುಗಳ ಸದ್ದಿನ ನಡುವೆ ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದಾಗ ಆಕೆಯೇ ಬಾಯಿಂದ ದಾರ ತೆಗೆದು ಹೇಳಿದರು: “ನಿಮ್ ಕಂಪ್ಯೂಟ್ರು ಒಳ್ಳೇದೆ ಸಾ. ಬಾಯಿ ವಸಿ ದೊಡ್ದು, ಅದ್ರ ಯಜಮಾನ್ರಂಗೆ.” ಒಂದು ಅಂಗಿ ಹೊಲಿಸಿಕೊಂಡು ಬಂದೆ. ಆಕೆ ಹೇಳಿದ ರೇಟನ್ನೇ ಕೊಟ್ಟೆ.

ಈಗ ಪುನಃ ಆ ಯಂತ್ರದ ಮುಂದೆ. ನಾನು ಇಷ್ಟೆಲ್ಲ ನೆನೆಯುವಷ್ಟು ಹೊತ್ತು ಆ ಹೆಂಗಸು ಕಾದಿರಲಿಲ್ಲವೆನ್ನಿ, ಎಲ್ಲ ಒಂದು ಉಸಿರಿನಲ್ಲಿ ಹಾದುಹೋಯಿತು. ಪುಸ್ತಕದ ಕೊನೆಯ ಎರಡು ಸಾಲು ನೋಡಿದೆ. ಮುಚ್ಚಿದೆ. ಬೋರಲು ಮಾಡಿ ಅವರ ಕೈಗೆ ಕೊಟ್ಟೆ.

“ಬೆಳ್ದೈತಮ್ಮ,” ಎಂದೆ.

ಆಕೆಯ ಮುಖ ಅರಳಿತು. “ಅಷ್ಟು ಸಾಕು ಬುಡಿ ಸಾ,” ಎಂದು ಪುಸ್ತಕವನ್ನು ಚೀಲದ ತಳಕ್ಕೆ ಸೇರಿಸಿ ಹೊರಟರು.

ಟೋಪಿಯವರು ನನ್ನ ಹೆಗಲ ಮೇಲಿಂದ ಬಗ್ಗಿದರು. “ಎಷ್ಟಂತೆ ಸಾ?”

“ಬೆಳೆದಿದೆಯಂತೆ,” ಎಂದೆ.