ಸಹಿಯ ಮೇಲಿನ ವಿಭೂತಿ

ನಮ್ಮ ಮನೆಯಲ್ಲಿ ಮಹಾನವಮಿಯ ಪೂಜೆಗೆ ಒಂದು ಕಟ್ಟುನಿಟ್ಟು ಇತ್ತು. ಹತ್ಯಾರುಗಳ ಪೆಟ್ಟಿಗೆಗೆ ಮೇಲಿಂದ ಮೇಲೆ ವಿಭೂತಿ ಹಚ್ಚಿ ಮುಗಿಸುವಂತಿರಲಿಲ್ಲ. ಒಳಗಿನ ನಟ್ಟು ಬಿಗಿಯುವ ಪಾನಾ, ಇಕ್ಕಳ, ಸುತ್ತಿಗೆಗಳನ್ನು ಹೊರಗೆ ತೆಗೆದು, ಒರೆಸಿ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆಯಬೇಕು. ಕಿರುಬೆರಳಿನಷ್ಟು ಸಣ್ಣ ಪಾನಾ ಇದ್ದರೂ ಬಿಡುವಂತಿಲ್ಲ. ಇದು ಅಪ್ಪ ಹಾಕಿಕೊಟ್ಟ ಪದ್ಧತಿ. ಶಲವಡಿ ಮತ್ತು ಅಣ್ಣಿಗೇರಿಯ ನಡುವಿನ ಊರುಗಳಲ್ಲಿ ಹಿಟ್ಟಿನ ಗಿರಣಿಗಳ ಎಂಜಿನ್ನು ಕೆಟ್ಟರೆ ಅಪ್ಪನನ್ನೇ ಕರೆಯುತ್ತಿದ್ದರು.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ, ಅಂಥದೊಂದು ಗಿರಣಿಯಲ್ಲಿ ಅಪ್ಪನ ಧೋತರದ ಚುಂಗು ಎಂಜಿನ್ನಿನ ತಿರುಗುವ ಪಟ್ಟಾಕ್ಕೆ ಸಿಕ್ಕಿತು. ಅಪ್ಪ ಉಳಿಯಲಿಲ್ಲ. ಅಂದು ಬೆಳಿಗ್ಗೆ ಮನೆ ಬಿಟ್ಟು ಹತ್ತು ಹೆಜ್ಜೆ ಹೋಗಿದ್ದವನು ದೊಡ್ಡ ಪಾನಾ ಮರೆತೆನೆಂದು ನಿಂತಿದ್ದ. ಅವ್ವ ಓಡಿ ಹೋಗಿ ಅದನ್ನು ಅವನ ಕೈಗೆ ಕೊಟ್ಟಿದ್ದಳು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಆ ಪಾನಾದ ಸಂಗತಿಯನ್ನು ಸಾಯುವ ತನಕ ಬಿಡಲಿಲ್ಲ. ಬಂದವರು ಹೋದವರ ಎದುರಿಗೆ, ಅವ್ವ ಅಲ್ಲೇ ರೊಟ್ಟಿ ಬಡಿಯುತ್ತಿರುವಾಗಲೇ, "ಇಕಿ ಕೈಯಾಗಿಂದ ಇಸ್ಕೊಂಡು ಹೋದಾಂವ ತಿರುಗಿ ಬರಲಿಲ್ಲ" ಎನ್ನುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಹುಡುಗನಾಗಿದ್ದ ನನಗೆ ಆಯಿಯ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಅವಳ ಅಡಕೆ ಕುಟ್ಟುವ ಕಲ್ಲನ್ನು ಎರಡು ಸಲ ತಿಪ್ಪೆಗೆ ಎಸೆದು ಬಂದಿದ್ದೆ.

ಹುಬ್ಬಳ್ಳಿಯಲ್ಲಿ ಪಿಯುಸಿ ಮುಗಿಸಿ, ವಿಮಾನ ದುರಸ್ತಿಯ ಎಂಜಿನಿಯರ್ ಆಗುವ ಶಿಕ್ಷಣಕ್ಕೆ ಬೆಂಗಳೂರಿಗೆ ಹೊರಟಾಗ ಊರವರೆಲ್ಲ ನಾನು ವಿಮಾನ ಹಾರಿಸಲಿಕ್ಕೆ ಹೊರಟೆನೆಂದೇ ತಿಳಿದರು. ನಮ್ಮ ಹೊಲದ ಮೇಲೆ ಬಂದಾಗ ಸ್ವಲ್ಪ ಕೆಳಗೆ ತಗೊಂಡು ಬಾ, ಜೋಳದ ಮೇಲೆ ಕೂತ ಹಕ್ಕಿಗಳಾದರೂ ಹಾರಿಹೋದಾವು ಎಂದು ಬಾಜೂ ಮನೆಯ ಕಾಕಾ ಚೇಷ್ಟೆ ಮಾಡಿದ. ನಾನು ಹಾರಿಸುವವನಲ್ಲ, ಬಿಚ್ಚಿ ಜೋಡಿಸುವವನು ಎಂದು ಹೇಳಿ ಹೇಳಿ ಬಾಯಿ ನೋಯಿತು. ಒಂದೇ ಸಲಕ್ಕೆ ತಿಳಿದುಕೊಂಡವಳು ಅವ್ವ. "ಅಂದ್ರ ನಿಮ್ಮಪ್ಪನ ಕೆಲಸಾನ. ಎಂಜಿನ್ ಅಷ್ಟ ಬ್ಯಾರೆ" ಎಂದಳು.

ಕೆಲಸ ಒಂದೇ ಇರಬಹುದು, ಕಾಯಿದೆ ಒಂದೇ ಅಲ್ಲ. ಅಪ್ಪ ಎಂಜಿನ್ನು ಚಾಲೂ ಮಾಡಿ, ಕಿವಿಗೊಟ್ಟು ಕೇಳಿ, ಆಯಿತು ಎಂದರೆ ಆಯಿತು. ವಿಮಾನದ ಹತ್ತಿರ ಹಾಗೆ ಹೇಳುವ ಹಕ್ಕು ಲೈಸೆನ್ಸ್ ಇದ್ದವನಿಗೆ ಮಾತ್ರ. ಅದನ್ನು ಪಡೆಯಲು ಮೂರು ವರ್ಷದ ತರಬೇತಿ, ವಿಮಾನ ಕಾನೂನಿನ ಪತ್ರಿಕೆ, ಎಂಜಿನ್ನು ಮತ್ತು ವಿಮಾನದ ಪತ್ರಿಕೆಗಳು, ಕಡೆಗೆ ಪರೀಕ್ಷಕರೆದುರು ಮೌಖಿಕ. ಎಲ್ಲಕ್ಕಿಂತ ಮೊದಲು ಬೇಕಾದದ್ದು ಕೆಲಸದ ದಾಖಲೆಯ ಪುಸ್ತಕ. ಅದಕ್ಕೆ ನಾವು ಲಾಗ್‌ಬುಕ್ ಎನ್ನುತ್ತಿದ್ದೆವು. ಗಾಲಿ ಬದಲಿಸಿದ್ದು, ಪ್ಲಗ್ ತೊಳೆದದ್ದು, ಎಣ್ಣೆ ಸೋಸುವ ಜಾಳಿಗೆ ಬಿಚ್ಚಿದ್ದು, ಎಲ್ಲವನ್ನೂ ತಾರೀಖು ಸಹಿತ ಅದರಲ್ಲಿ ಬರೆಯಬೇಕು. ಪಕ್ಕದಲ್ಲಿ ನಿಂತು ನೋಡಿದ ಲೈಸೆನ್ಸ್‌ದಾರ ಎಂಜಿನಿಯರ್ ಒಂದೊಂದು ಸಾಲಿಗೂ ಸಹಿ ಹಾಕಬೇಕು. ನನ್ನ ಪುಸ್ತಕದಲ್ಲಿ ಮೂವರು ಎಂಜಿನಿಯರುಗಳ ಸಹಿಗಳಿದ್ದವು. ಬಾಲ್ ಪೆನ್ನಿನ ಸಹಿ ಸಹಿಯೇ ಅಲ್ಲ ಎನ್ನುವ ಹಳೇ ಕಾಲದ ಜನ, ಮೂವರೂ ಮಸಿಪೆನ್ನಿನವರು.

ಎಂಬತ್ತೈದರ ಮಹಾನವಮಿಗೆ ಆ ಪುಸ್ತಕ ತುಂಬಿತ್ತು. ಬರೆಯುವ ಪತ್ರಿಕೆಗಳೂ ಪಾಸಾಗಿದ್ದವು. ಪುಸ್ತಕ ಲಗತ್ತಿಸಿ ಮೌಖಿಕಕ್ಕೆ ಅರ್ಜಿ ಕಳಿಸುವುದಷ್ಟೇ ಬಾಕಿ, ಅದಕ್ಕೆ ಇನ್ನು ಎಂಟು ದಿನ ಉಳಿದಿದ್ದವು. ಅರ್ಜಿಯನ್ನು ಮನೆಯಲ್ಲಿ ಕೂತು ತುಂಬಿದರಾಯಿತೆಂದು ಪುಸ್ತಕವನ್ನು ಊರಿಗೆ ತಂದೆ. ತರಬೇತಿಯ ಮಾಸ್ತರರು ಒಯ್ಯಬೇಡ ಅಂದಿದ್ದರು. ನಾಲ್ಕು ಮಂದಿಗೆ ತೋರಿಸುವ ಹುಕಿ ನನಗೆ.

ಹಬ್ಬದ ಹಿಂದಿನ ದಿನ ಸಂಜೆ ಅವ್ವ ಪಕ್ಕಕ್ಕೆ ಬಂದು ಕೂತು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಇದು ನಾನು ಮಾಡಿದ ಕೆಲಸ, ಇದು ನನಗೆ ಕಲಿಸಿದವರ ಸಹಿ ಎಂದು ಹಾಳೆ ತಿರುವಿ ತೋರಿಸಿದೆ. ಯಾವುದು ಹೆಚ್ಚು ಎಂದು ಕೇಳಿದಳು.

"ಸಹೀನ ಎಲ್ಲಾ ಬೇ ಯವ್ವಾ" ಎಂದೆ. "ಉಳಿದದ್ದು ಬರೇ ಕಾಗದ."

ಅವಳು ಒಂದು ಸಹಿಯನ್ನು ಮುಟ್ಟದೆ, ಮೇಲೆ ಬೆರಳಾಡಿಸಿ ನೋಡಿದಳು. ಹಾಗಾದರೆ ಇವರು ನಿನ್ನ ಗುರುಗಳು ಎಂದಳು. ಹೌದೆಂದೆ.

ಮರುದಿನ ಬೆಳಿಗ್ಗೆ ಪೂಜೆಗೆ ಚೆಂಡುಹೂವು ತರಲು ಹೊಲಕ್ಕೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅವ್ವ ಅಪ್ಪನ ಹತ್ಯಾರುಗಳನ್ನೆಲ್ಲ ಕಂಬಳಿಯ ಮೇಲೆ ಸಾಲಾಗಿ ಇಟ್ಟು ವಿಭೂತಿ ಹಚ್ಚಿ ಮುಗಿಸಿದ್ದಳು. ಕಡೆಯಲ್ಲಿ ನನ್ನ ಲಾಗ್‌ಬುಕ್ ಇತ್ತು. ಅದು ತೆರೆದಿತ್ತು. ನೀರಲ್ಲಿ ಕಲಸಿದ ವಿಭೂತಿಯ ಬಟ್ಟಲನ್ನು ತೊಡೆಯ ಹತ್ತಿರ ಇಟ್ಟುಕೊಂಡು, ಕೊನೆಯ ಹಾಳೆಯ ಕೊನೆಯ ಸಹಿಯ ಮೇಲೆ ಮೂರು ಬೆರಳು ಎಳೆದು, ಆರಲಿ ಎಂದು ಬಾಯಿಂದ ಮೆಲ್ಲಗೆ ಊದುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿಸಿದಳು.

"ಒಂದು ಸಹೀನೂ ಬಿಟ್ಟಿಲ್ಲ ನೋಡಪಾ."

ಬಿಟ್ಟಿರಲಿಲ್ಲ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಮೂರು ವರ್ಷದ ಸಹಿಗಳೆಲ್ಲ ಬೂದಿಯ ಕೆಳಗೆ ನೀಲಿಯಾಗಿ ಹರಡಿದ್ದವು. ಒರೆಸಲು ಹೋದೆ, ಇದ್ದ ಅಕ್ಷರವೂ ಹೋಯಿತು. ಅವಳು ಗಾಬರಿಯಾಗಿ ಏನಾತು, ಏನಾತು ಎಂದು ಕೇಳುತ್ತಿದ್ದಳು. ಆಗ ನಾನು ಹೇಳಿದ ಮಾತನ್ನು ಇಲ್ಲಿ ಬರೆಯದೆ ತಪ್ಪಿಸಿಕೊಳ್ಳಬಹುದಿತ್ತು. ಬರೆಯುತ್ತೇನೆ.

"ಆಯಿ ಅಂದದ್ದ ಖರೆ. ನಿನ್ನ ಕೈಯಾಗ ಹೋದದ್ದು ಯಾವುದೂ ತಿರುಗಿ ಬರೂದಿಲ್ಲ."

ಅವ್ವ ಅಳಲಿಲ್ಲ. ಬಟ್ಟಲು ತೆಗೆದುಕೊಂಡು ಎದ್ದು ಹಿತ್ತಲಿಗೆ ಹೋದಳು. ಬಚ್ಚಲ ಕಲ್ಲಿನ ಹತ್ತಿರ ಕೂತು ಬಹಳ ಹೊತ್ತು ಕೈ ತೊಳೆಯುತ್ತಿದ್ದಳು. ಅಂದು ಕಡುಬು ಮಾಡಿದ್ದಳು. ನಾನು ಉಣ್ಣದೆ ಮಧ್ಯಾಹ್ನದ ಬಸ್ಸಿಗೇ ಹೊರಟೆ. ಬುತ್ತಿಯ ಗಂಟನ್ನು ಪ್ರತಿ ಸಲ ನನ್ನ ಕೈಗೆ ಕೊಟ್ಟು ಗದ್ದ ಹಿಡಿದು ಕಳಿಸುತ್ತಿದ್ದವಳು, ಅಂದು ಅದನ್ನು ಕಟ್ಟೆಯ ಮೇಲೆ ಇಟ್ಟು ಹಿಂದಕ್ಕೆ ಸರಿದು ನಿಂತಳು. ಸಿಟ್ಟಿನಲ್ಲಿದ್ದೆ. ಅದರ ಅರ್ಥ ನನಗೆ ಆಗ ಆಗಲಿಲ್ಲ.

ಬೆಂಗಳೂರಿನಲ್ಲಿ ಮೂವರು ಎಂಜಿನಿಯರುಗಳ ಪೈಕಿ ಒಬ್ಬರು ನಿವೃತ್ತರಾಗಿ ಎಲ್ಲಿಗೋ ಹೋಗಿದ್ದರು, ಇನ್ನೊಬ್ಬರು ಮಸ್ಕತ್ತಿನಲ್ಲಿದ್ದರು. ಉಳಿದ ಒಬ್ಬರ ಮುಂದೆ ಪುಸ್ತಕ ಹಿಡಿದು, ಮತ್ತೊಮ್ಮೆ ಸಹಿ ಹಾಕಿಕೊಡಿ ಎಂದು ಕಾಲು ಹಿಡಿಯುವುದೊಂದು ಬಾಕಿ ಇಟ್ಟೆ. ಅವರು ವಿಭೂತಿಯ ಗೆರೆಗಳನ್ನು ನೋಡಿ ನಗಲಿಲ್ಲ. ಇದನ್ನು ಹಚ್ಚಿದವರು ಯಾರು ಎಂದು ಕೇಳಿದರು. ನಮ್ಮ ತಾಯಿ ಎಂದೆ. ಪುಸ್ತಕ ಮುಚ್ಚಿ, ಯಾವ ದಿನ ಯಾವ ಕೆಲಸ ನೋಡಿದೆನೆಂದು ನೆನಪಿಲ್ಲದೆ ಸಹಿ ಹಾಕಿದರೆ ನನ್ನ ಲೈಸೆನ್ಸಿಗೆ ಬೆಲೆ ಏನು, ಮತ್ತೆ ಮಾಡು, ಮತ್ತೆ ನೋಡುತ್ತೇನೆ ಎಂದರು. ಅಂದು ಅವರನ್ನು ಮನಸ್ಸಿನಲ್ಲೇ ಬೈದೆ. ಇಂದು ನಾನೂ ಹುಡುಗರಿಗೆ ಅದನ್ನೇ ಹೇಳುತ್ತೇನೆ.

ಮತ್ತೆ ಎರಡು ವರ್ಷ ಹಿಡಿಯಿತು. ಅವೇ ಗಾಲಿ, ಅವೇ ಪ್ಲಗ್ಗು, ಅದೇ ಜಾಳಿಗೆ. ನಡುನಡುವೆ ಊರಿಗೆ ಹೋಗುತ್ತಿದ್ದೆ. ಅವ್ವ ಮೊದಲಿನ ಹಾಗೆಯೇ ಮಾಡಿ ಹಾಕುತ್ತಿದ್ದಳು, ಮಾತಾಡುತ್ತಿದ್ದಳು, ಸೊರಗಿದ್ದೀ ಎನ್ನುತ್ತಿದ್ದಳು. ಆದರೆ ಊಟದ ಗಂಗಾಳವನ್ನು ನೆಲದ ಮೇಲೆ ಇಟ್ಟು ನನ್ನ ಕಡೆ ಸರಿಸುವಳು. ನೀರಿನ ತಂಬಿಗೆಯನ್ನು ಮಗ್ಗುಲಿಗೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುವಳು. ನಾನು ಕೈ ಚಾಚಿದರೆ, ಕಾಣದವಳ ಹಾಗೆ ಒಲೆಯ ಕಡೆ ತಿರುಗುವಳು. ತನ್ನ ಕೈಯಿಂದ ನನ್ನ ಕೈಗೆ ಏನನ್ನೂ ಕೊಡುವುದಿಲ್ಲವೆಂದು ನಿಶ್ಚಯ ಮಾಡಿದ್ದಳು. ನನ್ನ ಮೇಲಿನ ಸಿಟ್ಟಿನಿಂದಲ್ಲ, ನನ್ನ ಜೀವದ ಮೇಲಿನ ಅಂಜಿಕೆಯಿಂದ. ಆಯಿ ವರ್ಷಗಟ್ಟಲೆ ಹೇಳಿದಾಗ ನಂಬದವಳು, ನಾನು ಒಂದು ಸಲ ಹೇಳಿದ್ದಕ್ಕೆ ನಂಬಿಬಿಟ್ಟಿದ್ದಳು.

ತಪ್ಪಾಯಿತು ಬೇ ಎನ್ನಬೇಕಿತ್ತು. ಎಷ್ಟು ಸಲ ಬಾಯಿಗೆ ಬಂತು, ಎಷ್ಟು ಸಲ ನುಂಗಿದೆ. ಲಾಗ್‌ಬುಕ್ಕಿನಲ್ಲಿ ತಪ್ಪು ಬರೆದರೆ ಅಳಿಸಬಾರದು, ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು, ಬಾಜೂಕ್ಕೆ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು ಎಂಬುದು ನಮಗೆ ಮೊದಲ ತಿಂಗಳೇ ಕಲಿಸಿದ ಪಾಠ. ಮನೆಯಲ್ಲಿ ನನ್ನಿಂದ ಅಷ್ಟೂ ಆಗಲಿಲ್ಲ. ಲೈಸೆನ್ಸ್ ಬಂದ ದಿನ ಅದನ್ನು ಅವಳ ಕೈಗೇ ಕೊಡುತ್ತೇನೆ, ಆಗ ಎಲ್ಲ ಸರಿಹೋಗುತ್ತದೆ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಹೇಡಿಗೆ ನೆವಗಳು ಬೇಗ ಸಿಗುತ್ತವೆ.

ಬಂತು. ದಿಲ್ಲಿಯ ಮುದ್ರೆ ಇದ್ದ ಸಣ್ಣ ಪುಸ್ತಕ, ಒಳಗೆ ನನ್ನ ಭಾವಚಿತ್ರ. ಅಣ್ಣಿಗೇರಿಯಲ್ಲಿ ರೈಲು ಇಳಿದು, ಬಸ್ಸಿಗೆ ಕಾಯದೆ, ಕಾಕಾನ ಚಕ್ಕಡಿ ಸಿಕ್ಕಿದ್ದರಲ್ಲಿ ಕೂತು ಮನೆಗೆ ಬಂದೆ. ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಮುಖ ನೋಡಿಯೇ ತಿಳಿಯಿತು ಅವಳಿಗೆ. ಬಂತಾ ಎಂದಳು. ಬಂತು ಎಂದೆ. ಅವಳ ಕಣ್ಣುಗಳು ತುಂಬಿದವು.

ಎದುರಿಗೆ ಕೂತು, ಎರಡೂ ಕೈಯಲ್ಲಿ ಹಿಡಿದು ಅದನ್ನು ಅವಳ ಮುಂದೆ ಚಾಚಿದೆ. ಅವಳ ಕೈಗಳು ಮೊರದಿಂದ ಮೇಲೆದ್ದು ಅರ್ಧದವರೆಗೆ ಬಂದವು. ಅಲ್ಲೇ ನಿಂತವು. ಆಮೇಲೆ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡಳು.

"ಕೈ ಹಸಿ ಅದಾವಪಾ" ಎಂದಳು. "ಅಲ್ಲೇ ದೇವರ ಜಗಲಿ ಮ್ಯಾಲೆ ಇಡು."

ಅವಳ ಮೊಣಕೈವರೆಗೆ ಜೋಳದ ಒಣ ದೂಳು ಮೆತ್ತಿತ್ತು. ನಾನು ಎದ್ದು ಹೋಗಿ ಲೈಸೆನ್ಸನ್ನು ಜಗಲಿಯ ಮೇಲೆ ಇಟ್ಟೆ.